ವಿಸರ್ಜನೆ: ಕೆರೆಯ ಮೀನಿನಿಂದ ಬಾಲ್ಕನಿಯ ಪಾರಿವಾಳದವರೆಗೆ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬಾಲ್ಕನಿ ತೊಳೆದವರಿಗೆಲ್ಲ ಪಾರಿವಾಳದ ಹಿಕ್ಕೆ ಗೊತ್ತು. ಅದರ ಕಪ್ಪು-ಹಸಿರು ಭಾಗ ಮಲ. ಬೆಳ್ಳಗೆ ಅಂಟಿಕೊಂಡಿರುತ್ತಲ್ಲ, ಅದು ಮೂತ್ರ. ಎರಡೂ ಒಂದೇ ದಾರಿಯಲ್ಲಿ ಹೊರಗೆ ಬರುತ್ತವೆ.

ಜೀವಶಾಸ್ತ್ರದಲ್ಲಿ ವಿಸರ್ಜನೆ ಅಂದರೆ ಜೀವಕೋಶಗಳು ಕೆಲಸ ಮಾಡುವಾಗ ಹುಟ್ಟುವ ಕಸವನ್ನು ಮೈಯಿಂದ ಆಚೆ ಹಾಕುವುದು. ಜೀರ್ಣವಾಗದೆ ಉಳಿದ ಆಹಾರ ಜೀವಕೋಶದೊಳಗೆ ಹೋಗಿಯೇ ಇರುವುದಿಲ್ಲ. ಹಾಗಾಗಿ ಮಲ ಈ ಲೆಕ್ಕಕ್ಕೆ ಬರಲ್ಲ. ಉಸಿರಲ್ಲಿ ಬಿಡುವ ಕಾರ್ಬನ್ ಡೈಆಕ್ಸೈಡ್ ಬರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಸಾರಜನಕದ ಕಸ. ಪ್ರೋಟೀನ್ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದು ವಿಷ, ಮೈಯಲ್ಲಿ ನಿಲ್ಲಬಾರದು. ಹಲಸೂರು ಕೆರೆಯ ಮೀನಿಗೆ ಸುತ್ತಲೂ ನೀರಿದೆ, ಕಿವಿರುಗಳಿಂದ ಅಮೋನಿಯಾವನ್ನು ಹಾಗೇ ಬಿಟ್ಟುಬಿಡುತ್ತದೆ. ಅದೇ ಮೀನನ್ನು ಚಿಕ್ಕ ಅಕ್ವೇರಿಯಂನಲ್ಲಿಟ್ಟು ನೀರು ಬದಲಿಸದೆ ಬಿಟ್ಟರೆ? ತಾನೇ ಬಿಟ್ಟ ಅಮೋನಿಯಾ ಅದನ್ನು ಕೊಲ್ಲಬಹುದು. ಮೀನು ಸಾಕುವವರು ಇದನ್ನು ದಯವಿಟ್ಟು ನೆನಪಿಡಬೇಕು.

ನೆಲದ ಮೇಲೆ ಅಷ್ಟು ನೀರು ಎಲ್ಲಿಂದ ಬರಬೇಕು? ನಮ್ಮ ಲಿವರ್ ಅಮೋನಿಯಾವನ್ನು ಯೂರಿಯಾ ಮಾಡುತ್ತದೆ. ಇದು ಹೇಗೆ ನಡೆಯುತ್ತದೆ ಎಂದು 1932ರಲ್ಲಿ ಹಾನ್ಸ್ ಕ್ರೆಬ್ಸ್ ಮತ್ತು ಕರ್ಟ್ ಹೆನ್ಸೆಲೈಟ್ ತೋರಿಸಿಕೊಟ್ಟರು. ಯೂರಿಯಾದ ವಿಷ ತುಂಬಾ ಕಡಿಮೆ, ಆದರೂ ಅದನ್ನು ಕರಗಿಸಿ ಹೊರಹಾಕಲು ನೀರು ಬೇಕೇ ಬೇಕು. ಮರುಭೂಮಿಯ ಒಂಟೆ ಬಹಳ ಸಾಂದ್ರವಾದ ಮೂತ್ರ ಮಾಡಿ ನೀರು ಉಳಿಸುತ್ತದೆ.

ಹಕ್ಕಿಗಳು ಇನ್ನೂ ಮುಂದೆ ಹೋಗಿವೆ. ಅವು ಯೂರಿಕ್ ಆಮ್ಲ ಮಾಡುತ್ತವೆ. ಇದು ನೀರಲ್ಲಿ ಕರಗುವುದೇ ಅಪರೂಪ, ಹಾಗಾಗಿ ಬಿಳಿ ಮುದ್ದೆಯಾಗಿ ಬೀಳುತ್ತದೆ. ಬಾಲ್ಕನಿಯ ಕಲೆ ಬರೀ ನೀರಿಗೆ ಹೋಗದಿರಲು ಇದೂ ಒಂದು ಕಾರಣ. ಗೋಡೆಯ ಹಲ್ಲಿಯ ಹಿಕ್ಕೆಯಲ್ಲೂ ತುದಿಗೆ ಬಿಳಿ ಇರುತ್ತದೆ, ಗಮನಿಸಿ ನೋಡಿ.

ಯೂರಿಕ್ ಆಮ್ಲ ಮಾಡಲು ಶಕ್ತಿ ಜಾಸ್ತಿ ಬೇಕು. ಆದರೆ ಮೊಟ್ಟೆಯೊಳಗಿನ ಮರಿಯನ್ನು ಯೋಚಿಸಿ. ಚಿಪ್ಪು ಮುಚ್ಚಿದೆ, ಕಸ ಆಚೆ ಹಾಕಲು ಜಾಗವಿಲ್ಲ. ಅಮೋನಿಯಾ ಆಗಿದ್ದರೆ ಮರಿ ಉಳಿಯುತ್ತಿರಲಿಲ್ಲ. ಯೂರಿಕ್ ಆಮ್ಲವಾದರೆ ಗಟ್ಟಿಯಾಗಿ ಒಂದು ಚೀಲದಲ್ಲಿ ಕೂರುತ್ತದೆ, ಮರಿಯ ತಂಟೆಗೆ ಬರಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಪ್ಪೆ. ನೀರಲ್ಲಿ ಗೊದಮೊಟ್ಟೆಯಾಗಿದ್ದಾಗ ಮುಖ್ಯವಾಗಿ ಅಮೋನಿಯಾ ಬಿಡುತ್ತದೆ. ಕಾಲು ಮೂಡಿ ದಡ ಹತ್ತುವ ಹೊತ್ತಿಗೆ ಅದರ ಲಿವರ್ ಯೂರಿಯಾ ಮಾಡಲು ಶುರುಮಾಡಿರುತ್ತದೆ.