ಬರೆಯುವ ಮೊದಲೇ ತಲುಪಿದ ಪತ್ರ: ಪರ್ಷಿಯಾದ ಮಿಷನರಿ ಕಾಗದಗಳನ್ನು ಓದುವ ಬಗೆ

ಶುಶಾದಿಂದ ಪರ್ಷಿಯಾದ ತಬ್ರೀಜ್‌ಗೆ ಹೋದ ಒಂದು ಕಾಗದದ ಮೇಲೆ ‘1835 ಫೆಬ್ರವರಿ 10’ ಎಂದಿದೆ ಎಂದುಕೊಳ್ಳಿ. ಪಡೆದವರು ಬೆನ್ನಿಗೆ ‘ಮಾರ್ಚ್ 1ರಂದು ಬಂತು’ ಎಂದು ಗುರುತು ಹಾಕಿದ್ದಾರೆ. ಲೆಕ್ಕಕ್ಕೆ 19 ದಿನದ ದಾರಿ. ಉತ್ತರವನ್ನು ತಬ್ರೀಜ್‌ನಲ್ಲಿ ಮಾರ್ಚ್ 5ರಂದು ಬರೆದಿದ್ದಾರೆ. ಶುಶಾದಲ್ಲಿ ಅದು ಕೈಸೇರಿದ್ದು ಫೆಬ್ರವರಿ 28ರಂದು. ಅಂದರೆ ಬರೆಯುವುದಕ್ಕೆ ಮೊದಲೇ ತಲುಪಿದೆ!

ಇಲ್ಲಿ ಯಾರೂ ತಪ್ಪು ಬರೆದಿಲ್ಲ. 1813ರ ಗುಲಿಸ್ತಾನ್ ಒಪ್ಪಂದದಲ್ಲಿ ಪರ್ಷಿಯಾದ ಕೈತಪ್ಪಿ ರಷ್ಯಾಕ್ಕೆ ಸೇರಿದ ಕರಾಬಾಖ್ ಸೀಮೆಯ ಊರು ಶುಶಾ. ಅಲ್ಲಿ ನಡೆಯುತ್ತಿದ್ದುದು ಹಳೆಯ ಪದ್ಧತಿಯ ಜೂಲಿಯನ್ ಪಂಚಾಂಗ. ತಬ್ರೀಜ್‌ನಲ್ಲಿದ್ದ ಅಮೆರಿಕನ್ ಮಿಷನರಿಗಳು ಬರೆಯುತ್ತಿದ್ದುದು ಹೊಸ ಪದ್ಧತಿಯ, ಅಂದರೆ ಇಂದು ನಾವು ಬಳಸುವ ಗ್ರೆಗೋರಿಯನ್ ತಾರೀಖು. 19ನೇ ಶತಮಾನದಲ್ಲಿ ಇವೆರಡರ ನಡುವಿನ ಅಂತರ 12 ದಿನ. ಅದನ್ನು ಕೂಡಿಸಿದರೆ ಫೆಬ್ರವರಿ 10 ಎಂಬುದು 22 ಆಗುತ್ತದೆ, ಹೋಗಲು ಏಳು ದಿನ, ಬರಲು ಏಳು ದಿನ ಎಂದು ಲೆಕ್ಕ ಸರಿಹೋಗುತ್ತದೆ. ಹಲವರು ಇಲ್ಲಿ 13 ದಿನ ಕೂಡಿಸಿ ಎಡವುತ್ತಾರೆ. 13 ದಿನದ ಅಂತರ ಬಂದದ್ದು 1900ರ ನಂತರ.

ಆದರೆ ರಷ್ಯಾದ ನೆಲದಿಂದ ಬಂದ ಕಾಗದವೆಂದ ಮಾತ್ರಕ್ಕೆ ಕಣ್ಣುಮುಚ್ಚಿ 12 ಕೂಡಿಸಬೇಡಿ. ಕೆಲವರು ಹೊಸ ಪದ್ಧತಿಯನ್ನೇ ಬಳಸುತ್ತಿದ್ದರು, ಕೆಲವರು 10/22 ಎಂದು ಎರಡನ್ನೂ ಕೊಡುತ್ತಿದ್ದರು. ಪತ್ರದೊಳಗೆ ವಾರದ ಹೆಸರು ಇದೆಯೇ ಎಂದು ಹುಡುಕುವುದೇ ಒಳ್ಳೆಯ ಪರೀಕ್ಷೆ. ಮಿಷನರಿಗಳ ಬರಹದಲ್ಲಿ ಭಾನುವಾರ ಪದೇಪದೇ ಬರುತ್ತದೆ. 1835ರ ಫೆಬ್ರವರಿ 10 ಹೊಸ ಪದ್ಧತಿಯಲ್ಲಿ ಮಂಗಳವಾರ, ಹಳೆಯದರಲ್ಲಿ ಭಾನುವಾರ. ‘ಇಂದು ಆರಾಧನೆ ಮುಗಿಸಿ ಬರೆಯುತ್ತಿದ್ದೇನೆ’ ಎಂಬಂಥ ಸಾಲು ಸಿಕ್ಕಿದರೆ ಅನುಮಾನ ಬಹುಮಟ್ಟಿಗೆ ಬಗೆಹರಿದಂತೆ. ಟಿಪ್ಪಣಿ ಮಾಡುವಾಗ ಮೂಲದ ತಾರೀಖನ್ನು ಇದ್ದಂತೆಯೇ ಬರೆದು, ಪರಿವರ್ತಿಸಿದ್ದನ್ನು ಚೌಕ ಆವರಣದಲ್ಲಿ ಇಡಿ. ಒಮ್ಮೆ ಬೆರೆಸಿಬಿಟ್ಟರೆ ಮತ್ತೆ ಬೇರ್ಪಡಿಸುವುದು ಬಲು ಕಷ್ಟ.

ಇನ್ನು ಹಾಳೆ. ಆರಂಭದ ದಶಕಗಳಲ್ಲಿ ಲಕೋಟೆಯ ಬಳಕೆ ಕಡಿಮೆ. ದೊಡ್ಡ ಹಾಳೆಯನ್ನು ಮಧ್ಯಕ್ಕೆ ಮಡಚಿದರೆ ನಾಲ್ಕು ಪುಟ. ಮೂರರಲ್ಲಿ ಬರಹ, ನಾಲ್ಕನೆಯದರ ನಡುವೆ ವಿಳಾಸ. ಮಡಿಕೆಯೊಳಗೆ ಹೋಗುವ ಅಂಚುಗಳಲ್ಲಿ ಉಳಿದ ಮಾತು ತುರುಕುತ್ತಿದ್ದರು. ಕಾಯಿಲೆ, ಸಾವು, ಹಣದ ತೊಂದರೆ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಅರಗಿನ ಮುದ್ರೆ ಒಡೆಯುವಾಗ ಕಾಗದ ಕಿತ್ತು ಮೂರನೇ ಪುಟದ ಅಂಚಿನಲ್ಲಿ ತೂತು ಬೀಳುತ್ತದೆ; ಹರಿದ ಚೂರು ಮುದ್ರೆಗೇ ಅಂಟಿಕೊಂಡಿರಬಹುದು, ಆದ್ದರಿಂದ ಅರಗಿನ ಕೆಳಭಾಗವನ್ನೂ ನೋಡಬೇಕು. ಸಮನಾದ ಉದ್ದುದ್ದ ಸೀಳುಗಳು ಕಂಡರೆ ಇಲಿ ಕಡಿದದ್ದಲ್ಲ: ಪ್ಲೇಗಿನ ಭಯಕ್ಕೆ ಕ್ವಾರಂಟೈನ್ ಠಾಣೆಗಳಲ್ಲಿ ಪತ್ರಗಳನ್ನು ಸೀಳಿ ಹೊಗೆ ಹಾಕುತ್ತಿದ್ದರು, ಇಲ್ಲವೇ ವಿನಿಗರ್‌ನಲ್ಲಿ ಅದ್ದುತ್ತಿದ್ದರು. ಆ ಗುರುತು ಪತ್ರ ಬಂದ ದಾರಿಗೂ ಸಾಕ್ಷಿ.

ಶುಶಾದಲ್ಲಿದ್ದ ಮಿಷನರಿಗಳು ಬಾಸೆಲ್ ಮಿಷನ್ನಿನವರು. ಅದೇ ಸಂಸ್ಥೆಯ ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. 1835ರಲ್ಲಿ ತ್ಸಾರ್ ಸರ್ಕಾರ ಶುಶಾದ ಕೆಲಸ ನಿಲ್ಲಿಸಿತು. ಅಲ್ಲಿದ್ದ ಮಿಷನರಿ ಫಾಂಡರ್ ಮುಂದೆ ಭಾರತಕ್ಕೇ ಬಂದರು. ಮಂಗಳೂರಿನ ಹಳೆಯ ಜರ್ಮನ್ ಕಡತಗಳನ್ನು ಓದಿ ಪಳಗಿದವರಿಗೆ ಶುಶಾದ ಕಾಗದಗಳೂ ದಕ್ಕುತ್ತವೆ, ಏಕೆಂದರೆ ಎರಡೂ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹ. ಅದರಲ್ಲಿ ‘ಇ’ ಅಕ್ಷರ ‘ಎನ್’ನಂತೆ ಕಾಣುತ್ತದೆ, ‘ಯು’ ಮೇಲೆ ಸಣ್ಣ ಕೊಕ್ಕೆ ಇರುತ್ತದೆ, ‘ಎಮ್’ ಅಥವಾ ‘ಎನ್’ ಮೇಲಿನ ಅಡ್ಡಗೆರೆ ಅಕ್ಷರ ಇಮ್ಮಡಿ ಎಂಬುದರ ಸೂಚನೆ. ಪರಭಾಷೆಯ ಹೆಸರುಗಳನ್ನು ಸಾಮಾನ್ಯವಾಗಿ ಲ್ಯಾಟಿನ್ ಅಕ್ಷರದಲ್ಲಿ ಬರೆಯುತ್ತಿದ್ದರು; ಮೊದಲು ಅವನ್ನು ಗುರುತಿಸಿ, ಅಲ್ಲಿಂದ ಸುತ್ತಲಿನ ಪದಗಳಿಗೆ ಹೋಗಿ. ಅಂಕಿ 7ರ ಪಕ್ಕ ‘ಬರ್’ ಎಂದಿದ್ದರೆ ಅದು ಸೆಪ್ಟೆಂಬರ್ (ಲ್ಯಾಟಿನ್‌ನಲ್ಲಿ ‘ಸೆಪ್ಟೆಮ್’ ಎಂದರೆ ಏಳು), ಜುಲೈ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಪತ್ರ ಯಾರಿಗೆ ಎಂಬುದು. ಬೋಸ್ಟನ್‌ನ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆಗೆ ಬರೆದವರಿಗೆ ಅದರ ಭಾಗಗಳು ಮಾಸಪತ್ರಿಕೆಯಲ್ಲಿ ಅಚ್ಚಾಗಬಹುದು, ದೇಣಿಗೆ ಕೊಡುವವರು ಓದಬಹುದು ಎಂಬ ಅರಿವಿತ್ತು. ಸಹೋದ್ಯೋಗಿಗೆ ಬರೆದ ಕಾಗದಕ್ಕೆ ಆ ಮುಲಾಜಿಲ್ಲ. ಪರ್ಷಿಯಾದ ಉರ್ಮಿಯಾ ಬಯಲಿನಲ್ಲಿ ಅಮೆರಿಕನ್ ಮಿಷನರಿ ಜಸ್ಟಿನ್ ಪರ್ಕಿನ್ಸ್ ಶಾಲೆ, ಸಿರಿಯಾಕ್ ಬರಹ, 1840ರಲ್ಲಿ ಬಂದ ಮುದ್ರಣಯಂತ್ರ ಎಂದು ಬೇರೂರಿದರು. ಅವರ ಸಹೋದ್ಯೋಗಿ ವೈದ್ಯ ಅಸಾಹೆಲ್ ಗ್ರಾಂಟ್ ಅವರ ಮನಸ್ಸು ಹಕ್ಕಾರಿ ಬೆಟ್ಟಗಳ ಕಡೆಗಿತ್ತು. 1839ರಲ್ಲಿ ಪತ್ನಿ ಜುಡಿತ್ ಉರ್ಮಿಯಾದಲ್ಲಿ ತೀರಿಕೊಂಡರು, 1844ರಲ್ಲಿ ಅವರೂ ಮೋಸುಲ್‌ನಲ್ಲಿ ತೀರಿಕೊಂಡರು. ಬಯಲೋ ಬೆಟ್ಟವೋ, ಇರುವ ಹಣ ಎಲ್ಲಿಗೆ, ಇಂಥ ಪ್ರಶ್ನೆಗಳ ಬಿಸಿಯನ್ನು ಅಚ್ಚಿನ ಪುಟಗಳಿಂದ ಮಾತ್ರ ಅಳೆಯಲಾಗದು. ಅಚ್ಚಿನ ಸಾಲು ಉಲ್ಲೇಖಿಸುವ ಮುನ್ನ ಹಸ್ತಪ್ರತಿ ನೋಡಲೇಬೇಕು. ಬಿಟ್ಟ ವಾಕ್ಯವೇ ಕೆಲವೊಮ್ಮೆ ಪತ್ರದ ಜೀವಾಳ.

ಊರಿನ ಹೆಸರುಗಳಲ್ಲೂ ಎಚ್ಚರ ಬೇಕು. ಉರ್ಮಿಯಾ ಎಂದರೆ ಊರೂ ಹೌದು, ಸರೋವರವೂ ಹೌದು. ಜುಲ್ಫಾ ಎರಡಿವೆ: ಒಂದು ಅರಸ್ ನದಿಯ ದಂಡೆಯಲ್ಲಿ, ಇನ್ನೊಂದು ಇಸ್ಫಹಾನಿಗೆ ಅಂಟಿಕೊಂಡು. 1869ರಲ್ಲಿ ಅಲ್ಲಿಗೆ ಬಂದ ರಾಬರ್ಟ್ ಬ್ರೂಸ್ ಅವರ ಕಾಗದಗಳ ಜುಲ್ಫಾ ಈ ಎರಡನೆಯದು.

ಪತ್ರ ಸಾಮಾನ್ಯವಾಗಿ ಉಳಿಯುವುದು ಪಡೆದವರ ಕಡೆ, ಬರೆದವರ ಕಡೆಯಲ್ಲ. ಹಾಗಾಗಿ ಒಂದೇ ಸಂವಾದದ ಎರಡು ತುದಿಗಳು ಎರಡು ದೇಶಗಳಲ್ಲಿರಬಹುದು. ಶುಶಾದ ಕಡತಗಳಿಗೆ ಬಾಸೆಲ್‌ನ ಮಿಷನ್ 21 ಸಂಸ್ಥೆಯ ದಫ್ತರ, ಅಮೆರಿಕನ್ ಬೋರ್ಡಿನದಕ್ಕೆ ಹಾರ್ವರ್ಡ್‌ನ ಹೌಟನ್ ಗ್ರಂಥಾಲಯ, 1870ರ ನಂತರದ ಪ್ರೆಸ್ಬಿಟೇರಿಯನ್ ಕಾಗದಗಳಿಗೆ ಫಿಲಡೆಲ್ಫಿಯಾ, ಬ್ರೂಸ್ ಅವರ ಚರ್ಚ್ ಮಿಷನರಿ ಸೊಸೈಟಿಯದಕ್ಕೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ. ಮೊದಲು ಬೆನ್ನಿನ ಟಿಪ್ಪಣಿಗಳಿಂದಲೇ ಒಂದು ಪಟ್ಟಿ ಮಾಡಿ: ಯಾರಿಂದ, ಯಾವ ಊರಿಂದ, ಬರೆದದ್ದು, ಬಂದದ್ದು, ಉತ್ತರಿಸಿದ್ದು. ಉತ್ತರಿಸಿದ ತಾರೀಖು ಇದ್ದೂ ಉತ್ತರ ಸಿಗದ ಕಡೆ ಗುರುತು ಹಾಕಿಕೊಂಡು ಇನ್ನೊಂದು ದಫ್ತರದಲ್ಲಿ ಹುಡುಕಿ, ಆ ತಾರೀಖಿಗೆ 12 ದಿನ ಹಿಂದೆಯೂ 12 ದಿನ ಮುಂದೆಯೂ.