ಉಬ್ಬಸದ ರಾತ್ರಿಗಳು, ಆರೋಪಪಟ್ಟಿ ಇಲ್ಲದ ಜೈಲು: ಸ್ನೇಹಲತಾ ರೆಡ್ಡಿ ಪ್ರಕರಣದ ಟಿಪ್ಪಣಿ

ಬಂಧಿತರ ಹಕ್ಕುಗಳನ್ನು ಹೇಳುವ ಸಂವಿಧಾನದ 22ನೇ ವಿಧಿಯನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯಬಹುದು. ಆದರೆ ಅದು ಒಬ್ಬ ಮನುಷ್ಯನ ಮೈಮೇಲೆ ಹೇಗೆ ಬೀಳುತ್ತದೆ ಅಂತ ಗೊತ್ತಾಗಬೇಕಾದರೆ ಒಂದು ಪ್ರಕರಣ ಹಿಡಿದು ಕೂರಬೇಕು. ನಾನು ಹಿಡಿದದ್ದು ಸ್ನೇಹಲತಾ ರೆಡ್ಡಿ ಅವರದು. ನಡೆದ ಜಾಗ ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು. ಈಗ ಅಲ್ಲಿ ಫ್ರೀಡಂ ಪಾರ್ಕ್ ಇದೆ. ಧರಣಿಗೋ ಕಾರ್ಯಕ್ರಮಕ್ಕೋ ನಿಮ್ಮಲ್ಲಿ ಹಲವರು ಅಲ್ಲಿಗೆ ಹೋಗಿರುತ್ತೀರಿ.

ಸ್ನೇಹಲತಾ ರಂಗಭೂಮಿಯವರು. ಮದ್ರಾಸ್ ಪ್ಲೇಯರ್ಸ್ ತಂಡ ಕಟ್ಟಿದವರಲ್ಲಿ ಒಬ್ಬರು. 1970ರ ‘ಸಂಸ್ಕಾರ’ ಚಿತ್ರದ ಚಂದ್ರಿ ಅಂದರೆ ಕನ್ನಡಿಗರಿಗೆ ತಕ್ಷಣ ನೆನಪಾಗುತ್ತದೆ. ಅದರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅವರ ಗಂಡ. ಇಬ್ಬರೂ ಲೋಹಿಯಾ ವಿಚಾರದ ಸಮಾಜವಾದಿಗಳು, ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಗೆಳೆಯರು. ತುರ್ತು ಪರಿಸ್ಥಿತಿಯಲ್ಲಿ ಜಾರ್ಜ್ ಭೂಗತರಾಗಿದ್ದರು. ಪೊಲೀಸರು ಅವರಿಗಾಗಿ ಊರೂರು ಹುಡುಕುತ್ತಿದ್ದರು. 1976ರ ಮೇ ತಿಂಗಳ ಮೊದಲ ದಿನಗಳಲ್ಲಿ ಸ್ನೇಹಲತಾ ಅವರನ್ನು ಹಿಡಿದರು. ಜಾರ್ಜ್ ಮತ್ತು ಸಂಗಡಿಗರು ಸರ್ಕಾರದ ವಿರುದ್ಧ ಸ್ಫೋಟಕ ಬಳಸಲು ಸಂಚು ಮಾಡಿದರು ಎಂಬ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಸ್ನೇಹಲತಾ ಅವರ ಕೈವಾಡ ಇದೆ ಎಂಬ ಗುಮಾನಿ. ಆದರೆ ಆ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ. ‘ಮೀಸಾ’ ಎಂಬ ಆಂತರಿಕ ಭದ್ರತಾ ಕಾಯ್ದೆಯಡಿ ಒಳಗೇ ಇಟ್ಟರು, ಸುಮಾರು ಎಂಟು ತಿಂಗಳು.

ಹೆಸರೇ ಇಲ್ಲದವರನ್ನು ಇಟ್ಟುಕೊಳ್ಳುವುದು ಹೇಗೆ ಸಾಧ್ಯ? ಇಲ್ಲೇ ನಾವು ಎರಡು ದಾರಿಗಳನ್ನು ಬೇರೆ ಮಾಡಿ ನೋಡಬೇಕು. ತುಂಬ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ.

ಮೊದಲನೆಯದು ಸಾಮಾನ್ಯ ಬಂಧನ. ನೀವು ಏನೋ ಅಪರಾಧ ಮಾಡಿದ್ದೀರಿ ಎಂಬ ಆಪಾದನೆ ಇರುತ್ತದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ವಕೀಲರನ್ನು ಇಟ್ಟುಕೊಳ್ಳಬಹುದು. ಈಗಿನ ಕಾನೂನಿನಲ್ಲಿ, ಅಪರಾಧ ಎಷ್ಟು ದೊಡ್ಡದು ಎಂಬುದರ ಮೇಲೆ, 60 ಅಥವಾ 90 ದಿನದಲ್ಲಿ ಆರೋಪಪಟ್ಟಿ ಬರದಿದ್ದರೆ ಜಾಮೀನು ನಿಮ್ಮ ಹಕ್ಕು. ಎರಡನೆಯದು ಮುಂಜಾಗ್ರತಾ ಬಂಧನ. ನೀವು ಏನೂ ಮಾಡಿರಬೇಕಾಗಿಲ್ಲ, ಮುಂದೆ ಮಾಡಬಹುದು ಅಂತ ಸರ್ಕಾರಕ್ಕೆ ಅನ್ನಿಸಿದರೆ ಸಾಕು. 22ನೇ ವಿಧಿಯ ಮೂರನೇ ಉಪವಿಧಿ ಇಂಥವರಿಂದ ಆ 24 ಗಂಟೆಯ ನಿಯಮವನ್ನೂ ವಕೀಲರ ಹಕ್ಕನ್ನೂ ಕಿತ್ತುಕೊಳ್ಳುತ್ತದೆ. ಉಳಿಯುವುದು ಸ್ವಲ್ಪವೇ. ಬಂಧನದ ಕಾರಣ ತಿಳಿಸಬೇಕು, ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕು, ಮೂರು ತಿಂಗಳು ದಾಟಿಸಬೇಕಾದರೆ ನ್ಯಾಯಾಧೀಶರ ಮಟ್ಟದವರಿರುವ ಸಲಹಾ ಮಂಡಳಿ ಒಪ್ಪಬೇಕು. ತುರ್ತು ಪರಿಸ್ಥಿತಿಯಲ್ಲಿ ಮೀಸಾಕ್ಕೆ 16ಎ ಸೆಕ್ಷನ್ ಸೇರಿಸಿ ಕಾರಣ ತಿಳಿಸುವ ಹೊಣೆಯನ್ನೂ ತೆಗೆದುಹಾಕಿದರು.

ಈಗ ಕಾಯಿಲೆಯ ಮಾತಿಗೆ ಬರೋಣ. ಬಂಧನದ ಕಾನೂನು ಒಂದು ಪಾಠ, ಕೈದಿಗಳ ಆರೋಗ್ಯ ಇನ್ನೊಂದು ಪಾಠ ಅಂತ ಪಠ್ಯದಲ್ಲಿ ಬೇರೆ ಬೇರೆ ಇಡುತ್ತಾರೆ. ನನಗೆ ಅವು ಒಂದೇ ಪಾಠ. ವಿಚಾರಣಾಧೀನ ಕೈದಿಯನ್ನು ಇಷ್ಟು ದಿನ ಅಂತ ಗಡುವು ಹಾಕಿ ಕಸ್ಟಡಿಗೆ ಕೊಡುತ್ತಾರೆ. ಗಡುವು ಮುಗಿದಾಗ ಅವನು ಮತ್ತೆ ಮ್ಯಾಜಿಸ್ಟ್ರೇಟ್ ಮುಂದೆ ಬರುತ್ತಾನೆ. ಅವರು ಅವನ ಮುಖ ನೋಡುತ್ತಾರೆ. “ಸ್ವಾಮಿ, ಉಸಿರು ಕಟ್ಟುತ್ತಿದೆ, ಔಷಧಿ ಕೊಡ್ತಿಲ್ಲ” ಅಂತ ಅವನು ಒಂದು ಮಾತು ಹೇಳಬಹುದು. ಆಸ್ಪತ್ರೆಗೆ ಸೇರಿಸಿ ಅಂತ ಅವರು ಆದೇಶ ಕೊಡಬಹುದು. ಆರೋಪವೇ ಇಲ್ಲದವರಿಗೆ ಮುಂದಿನ ತಾರೀಖು ಎಂಬುದೇ ಇಲ್ಲ. ಅವರ ಮುಖ ನೋಡುವುದು ಕೂಡಿಟ್ಟವರು ಮಾತ್ರ.

ಸ್ನೇಹಲತಾ ಅವರಿಗೆ ಮೊದಲಿನಿಂದಲೂ ಉಬ್ಬಸ ಇತ್ತು. ಇದು ಎಂಥ ಕಾಯಿಲೆ ಅಂತ ಮನೆಯಲ್ಲಿ ಉಬ್ಬಸದವರು ಇದ್ದರೆ ನಿಮಗೇ ಗೊತ್ತು. ಜಾಸ್ತಿ ಆಗುವುದು ನಡುರಾತ್ರಿ, ಇಲ್ಲವೇ ಬೆಳಗಿನ ಜಾವ. ತೇವ, ದೂಳು, ಭಯ ಎಲ್ಲವೂ ಅದನ್ನು ಕೆರಳಿಸುತ್ತವೆ. ದಿನವೂ ತಪ್ಪದೆ ಔಷಧಿ ತೆಗೆದುಕೊಂಡರೆ ಹತೋಟಿಯಲ್ಲಿ ಇರುತ್ತದೆ. ಬಿಟ್ಟುಬಿಟ್ಟು ಕೊಟ್ಟರೆ ಇನ್ನಷ್ಟು ಜೋರಾಗಿ ಬರಬಹುದು. ಜೈಲಿನಲ್ಲಿ ರಾತ್ರಿ ಅಂದರೆ ಬೀಗ ಹಾಕುವ ಹೊತ್ತು. ಉಸಿರು ಸಿಕ್ಕದವರು ಮೊದಲು ಕಾವಲಿನವರನ್ನು ಕೂಗಬೇಕು, ಅವರು ಮೇಲಿನವರನ್ನು ಕೇಳಬೇಕು, ಬೀಗ ತೆಗೆಯಬೇಕು, ವೈದ್ಯರು ಬರಬೇಕು. ಅದೇ ಜೈಲಿನಲ್ಲಿ ಸಂಸದ ಮಧು ದಂಡವತೆ ಕೂಡ ಇದ್ದರು. ರಾತ್ರಿಯ ಮೌನದಲ್ಲಿ ಸ್ನೇಹಲತಾ ಅವರ ಚೀರಾಟ ತಮ್ಮ ಕೋಣೆಗೆ ಕೇಳಿಸುತ್ತಿತ್ತು ಎಂದು ಅವರು ಆಮೇಲೆ ನೆನೆದಿದ್ದಾರೆ. ಅವರೂ ಕೈದಿಯೇ. ಕೇಳಿಸಿಕೊಂಡರೂ ಎದ್ದು ಹೋಗುವ ಹಾಗಿರಲಿಲ್ಲ.

ಆಗ ಕಾನೂನೇ ಇರಲಿಲ್ಲವೇ? ಇತ್ತು. ನನಗೆ ಹೆಚ್ಚು ನೋವಾಗುವುದು ಇಲ್ಲೇ. ನಮ್ಮ ರಾಜ್ಯಕ್ಕೆ 1963ರಿಂದಲೇ ತನ್ನದೇ ಬಂದೀಖಾನೆ ಕಾಯ್ದೆ ಇತ್ತು. ಅದರ ಪ್ರಕಾರ ಯಾವ ಕೈದಿಯಾದರೂ ವೈದ್ಯರನ್ನು ನೋಡಬೇಕು ಅಂದರೆ, ಅಥವಾ ನೋಡಿದರೇ ಕಾಯಿಲೆಯವರಂತೆ ಕಂಡರೆ, ತಡ ಮಾಡದೆ ವರದಿ ಮಾಡಬೇಕು. ವೈದ್ಯರು ಕೊಟ್ಟ ಸೂಚನೆಯನ್ನು ಬರೆದಿಡಬೇಕು, ಪಾಲಿಸಿದೆವೋ ಇಲ್ಲವೋ ಅಂತಲೂ ಬರೆಯಬೇಕು. ಪ್ರತಿ ಜೈಲಿನಲ್ಲೂ ಕಾಯಿಲೆಯವರಿಗೆ ಆಸ್ಪತ್ರೆ ಅಥವಾ ಸರಿಯಾದ ಜಾಗ ಇರಬೇಕು. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಅವರಿಗೆ ಸರಿಯಾದ ಚಿಕಿತ್ಸೆ ಸಿಗಲಿಲ್ಲ. ನಿಯಮ ಮುರಿದರೆ ಹೋಗಿ ಕೇಳುವುದು ಯಾರನ್ನು?

ಉಳಿದಿದ್ದ ಬಾಗಿಲು ಹೈಕೋರ್ಟು, ಅಂದರೆ ಬಂಧಿತರನ್ನು ಕೋರ್ಟಿನ ಮುಂದೆ ತಂದು ಬಂಧನ ಸರಿಯೇ ಅಂತ ಪರೀಕ್ಷಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ. ಈ ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಿ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ. ಜೂನ್ 27ರಂದು ರಾಷ್ಟ್ರಪತಿ ಆದೇಶ: 14 (ಸಮಾನತೆ), 21 (ಜೀವ ಮತ್ತು ಸ್ವಾತಂತ್ರ್ಯ), 22ನೇ ವಿಧಿಗಳ ಹಕ್ಕಿಗಾಗಿ ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಆದರೂ ಹಲವು ಹೈಕೋರ್ಟುಗಳು ಅರ್ಜಿ ಕೇಳುತ್ತೇವೆ ಎಂದವು. ನಮ್ಮ ಕರ್ನಾಟಕ ಹೈಕೋರ್ಟು ಅವುಗಳಲ್ಲಿ ಒಂದು. ಬೆಂಗಳೂರಿನಲ್ಲಿ ಬಂಧಿತರಾಗಿದ್ದ ವಾಜಪೇಯಿ, ಅಡ್ವಾಣಿ, ದಂಡವತೆ ಅವರ ಅರ್ಜಿಗಳು ಬಂದದ್ದು ಇಲ್ಲಿಗೇ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಎಡಿಎಂ ಜಬಲ್ಪುರ ಪ್ರಕರಣದಲ್ಲಿ 4–1ರ ಬಹುಮತದಿಂದ ಆ ಬಾಗಿಲು ಮುಚ್ಚಿತು. ಒಪ್ಪದೆ ಉಳಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಇದಾಗಿ ಒಂದು ವಾರವೂ ಕಳೆದಿರಲಿಲ್ಲ, ಸ್ನೇಹಲತಾ ಅವರನ್ನು ಹಿಡಿದರು.

1977ರ ಜನವರಿ 15ರಂದು, ದೇಹ ಪೂರ್ತಿ ಸೋತ ಮೇಲೆ, ಅವರನ್ನು ಪೆರೋಲ್ ಮೇಲೆ ಕಳಿಸಿದರು. ಜನವರಿ 18ರಂದು ಚುನಾವಣೆ ಘೋಷಣೆಯಾಯಿತು. 20ರಂದು ಅವರು ತೀರಿಕೊಂಡರು. ಪೆರೋಲ್ ಎಂಬ ಪದದ ಕೆಳಗೆ ಗೆರೆ ಎಳೆದುಕೊಳ್ಳಿ. ಅದು ಬಿಡುಗಡೆ ಅಲ್ಲ, ಬಂಧನದ ಆದೇಶ ಹಾಗೇ ಇರುತ್ತದೆ. ಆದರೆ ಐದು ದಿನದ ನಂತರ ಬಂದ ಸಾವು ಜೈಲಿನೊಳಗೆ ಆದ ಸಾವು ಅನ್ನಿಸಿಕೊಳ್ಳಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಮೀಸಾ ಅಡಿ ಬಂಧಿಸಿದವರು 34,988 ಜನ ಎಂದು, ಆ ಕಾಲದ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗ ಲೆಕ್ಕ ಕೊಟ್ಟಿತು. ಕೈದಿಗಳ ಸಾವಿನ ಲೆಕ್ಕ ಓದುವಾಗಲೆಲ್ಲ, ಕೊನೆ ಗಳಿಗೆಯಲ್ಲಿ ಮನೆಗೆ ಕಳಿಸಿದವರು ಅದರಲ್ಲಿ ಸೇರಿದ್ದಾರೆಯೇ ಅಂತ ನಾನು ಹುಡುಕುತ್ತೇನೆ.

ಆಮೇಲೆ ಬದಲಾದದ್ದನ್ನು ಬೇಗ ಹೇಳಿಬಿಡುತ್ತೇನೆ. 1978ರ 44ನೇ ತಿದ್ದುಪಡಿಯಿಂದ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತು ಮಾಡುವಂತಿಲ್ಲ. ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪು ಬಂಧಿತರಿಗೆ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು ಎಂದಿತು. ಕಸ್ಟಡಿಯಲ್ಲಿ ಇಟ್ಟುಕೊಂಡವರೇ ಆರೋಪಿಯ ಆರೋಗ್ಯಕ್ಕೆ ಹೊಣೆ ಎಂಬ ಮಾತು ಈಗ ಸಿಆರ್‌ಪಿಸಿ ಬದಲಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 56ನೇ ಸೆಕ್ಷನ್ನಿನಲ್ಲಿದೆ. ಅಲ್ಲಿರುವ ಪದ ‘ಆರೋಪಿ’ ಎಂಬುದನ್ನು ಗಮನಿಸಿ. ಆರೋಪವೇ ಇಲ್ಲದೆ ಒಳಗಿರುವವರು 21ನೇ ವಿಧಿಯನ್ನೇ ಹಿಡಿದು ಹೈಕೋರ್ಟಿಗೆ ಹೋಗಬೇಕು. ಎಡಿಎಂ ಜಬಲ್ಪುರ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟು ಬಾಯಿಬಿಟ್ಟು ಹೇಳಿ ತಳ್ಳಿಹಾಕಿದ್ದು 2017ರಲ್ಲಿ. ಖಾಸಗಿತನದ ಹಕ್ಕಿನ ಪ್ರಕರಣ ಅದು, ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಪರೀಕ್ಷೆಯಲ್ಲಿ ಎಡವಿಸುವ ಒಂದು ಜಾಗ ಇದೆ. ಸಲಹಾ ಮಂಡಳಿ ಇಲ್ಲದೆ ಇಟ್ಟುಕೊಳ್ಳಬಹುದಾದ ಅವಧಿಯನ್ನು 44ನೇ ತಿದ್ದುಪಡಿ ಮೂರು ತಿಂಗಳಿಂದ ಎರಡಕ್ಕೆ ಇಳಿಸಿತು, ಸಂಸತ್ತು ಒಪ್ಪಿಯೂ ಆಯಿತು. ಆ ಭಾಗವನ್ನು ಜಾರಿಗೆ ತರುವ ಅಧಿಸೂಚನೆಯನ್ನು ಮಾತ್ರ ಯಾವ ಸರ್ಕಾರವೂ ಹೊರಡಿಸಿಲ್ಲ. ಹಾಗಾಗಿ ಉತ್ತರ ಬರೆಯುವಾಗ ಮೂರು ತಿಂಗಳು ಅಂತಲೇ ಬರೆಯಿರಿ.