ತಿಪ್ಪೆಯಲ್ಲಿ ನಿಂತಿದ್ದ ದೇವಿ: ಎಲೆಫ್ಸಿನಾದ ಗೋಧಿ, ಗುಡಿ ಮತ್ತು ಚಿಮಣಿ

ಅಥೆನ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಸಲಾಮಿಸ್ ದ್ವೀಪದ ಎದುರು ದಂಡೆಯಲ್ಲಿ ಎಲೆಫ್ಸಿನಾ ಎಂಬ ಊರಿದೆ. ಪ್ರಾಚೀನರ ಎಲ್ಯೂಸಿಸ್ ಇದೇ. ನಾಟಕಕಾರ ಈಸ್ಕಿಲಸ್ ಹುಟ್ಟಿದ್ದೂ ಇಲ್ಲಿಯೇ. 2023ರಲ್ಲಿ ಊರಿಗೆ ಯುರೋಪಿನ ಸಾಂಸ್ಕೃತಿಕ ರಾಜಧಾನಿಯ ಪಟ್ಟ ಸಿಕ್ಕಿತು. ಆದರೆ ಇಲ್ಲಿ ಅಮೃತಶಿಲೆಯ ಅವಶೇಷಗಳ ಪಕ್ಕದಲ್ಲೇ ಪಾಳುಬಿದ್ದ ಕಾರ್ಖಾನೆಗಳಿವೆ, ಸನಿಹದಲ್ಲಿ ತೈಲ ಸಂಸ್ಕರಣಾಗಾರವಿದೆ, ಕೊಲ್ಲಿಯಲ್ಲಿ ತುಕ್ಕು ಹಿಡಿದ ಹಡಗುಗಳಿವೆ. ಇದು ದೇವರ ಊರೋ ದುಡಿಮೆಗಾರರ ಊರೋ ಎಂಬ ಪ್ರಶ್ನೆ ಇಷ್ಟು ಗೋಜಲಾದದ್ದು ಹೇಗೆಂದು ತಿಳಿಯಲು ಗೋಧಿಯಿಂದ ಶುರು ಮಾಡಬೇಕು.

ಧಾನ್ಯದೇವತೆ ಡಿಮೀಟರ್, ಕಳೆದುಹೋದ ಮಗಳು ಪರ್ಸೆಫೊನಿಯನ್ನು ಹುಡುಕುತ್ತಾ ಬಂದು ಇಲ್ಲಿಯ ಬಾವಿಯ ಬಳಿ ಕುಳಿತಳೆಂಬುದು ಪುರಾಣ. ಸಾವಿರಕ್ಕೂ ಹೆಚ್ಚು ವರ್ಷ ಇಲ್ಲಿಯ ಅವಳ ಗುಡಿಯಲ್ಲಿ ರಹಸ್ಯ ದೀಕ್ಷೆ ನಡೆಯಿತು. ಒಳಗೆ ಕಂಡದ್ದನ್ನು ಹೊರಗೆ ಹೇಳಿದವರಿಗೆ ಮರಣದಂಡನೆ. ಗ್ರೀಕ್ ಮಾತು ಬಲ್ಲ ಗುಲಾಮರಿಗೂ ಹೆಂಗಸರಿಗೂ ಬಾಗಿಲು ತೆರೆದಿತ್ತು. ಚಕ್ರವರ್ತಿ ಅಗಸ್ಟಸ್‌ನ ಬಳಿಗೆ ಬಂದ ನಿಯೋಗದೊಡನಿದ್ದ ಭಾರತದ ವಿರಕ್ತನೊಬ್ಬ ದೀಕ್ಷೆ ಪಡೆದು, ನಂತರ ತಾನಾಗಿ ಬೆಂಕಿಗೆ ಹಾರಿದನೆಂದು ಇತಿಹಾಸಕಾರ ಡಿಯೋ ಬರೆದಿದ್ದಾನೆ. ನಾಲ್ಕನೆಯ ಶತಮಾನದ ಕೊನೆಗೆ ಎಲ್ಲವೂ ನಿಂತಿತು. ಮುಂದೆ ಉಳಿದದ್ದು ಹಳ್ಳಿ, ಹೊಲ ಮತ್ತು ಒಂದು ವಿಗ್ರಹ.

ಆ ವಿಗ್ರಹದ ಬಳಿ ಸ್ವಲ್ಪ ನಿಲ್ಲಬೇಕು. ತಲೆಯ ಮೇಲೆ ಪವಿತ್ರ ಪೆಟ್ಟಿಗೆ ಹೊತ್ತ, ಮುಖ ಸವೆದುಹೋದ ಅಮೃತಶಿಲೆಯ ಹೆಣ್ಣು. 1801ರಲ್ಲಿ ಕೇಂಬ್ರಿಜ್‌ನ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ನೋಡಿದಾಗ ಅದು ಕತ್ತಿನವರೆಗೆ ತಿಪ್ಪೆಯಲ್ಲಿ ಹೂತಿತ್ತು. ಅದನ್ನು ತಾತ್ಸಾರವೆಂದು ತಿಳಿದರೆ ತಪ್ಪು. ಹೊಲಕ್ಕೆ ಹೋಗುವ ಗೊಬ್ಬರದ ನಡುವೆ ಅವಳು ನಿಂತಿದ್ದರೇ ಫಸಲು ಎಂಬುದು ಊರವರ ನಂಬಿಕೆ. ಹಬ್ಬದ ದಿನಗಳಲ್ಲಿ ಅವಳ ಮುಂದೆ ದೀಪ ಉರಿಯುತ್ತಿತ್ತು. ಕ್ಲಾರ್ಕ್‌ಗೆ ಅದನ್ನು ಕೊಂಡೊಯ್ಯಬೇಕಿತ್ತು. ಅಥೆನ್ಸ್‌ನ ಒಟ್ಟೋಮನ್ ಅಧಿಕಾರಿಗೆ ಒಂದು ದೂರದರ್ಶಕ ಸಂದಾಯವಾಯಿತು, ಅಪ್ಪಣೆ ಸಿಕ್ಕಿತು. ಸಾಗಿಸುವ ಹಿಂದಿನ ಸಂಜೆ ಎತ್ತೊಂದು ನೊಗ ಬಿಡಿಸಿಕೊಂಡು ಬಂದು ವಿಗ್ರಹಕ್ಕೆ ಹಾಯ್ದು, ಗೂಳಿಡುತ್ತಾ ಬಯಲಿಗೆ ಓಡಿತಂತೆ. ಜನ ಬೆದರಿದರು. ಕೊನೆಗೆ ಊರ ಪಾದ್ರಿಯೇ ಪೂಜೆಯ ಉಡುಪು ತೊಟ್ಟು ಮೊದಲ ಗುದ್ದಲಿ ಹಾಕಬೇಕಾಯಿತು. ಅವಳನ್ನು ಹೊತ್ತ ಹಡಗು ಇಂಗ್ಲೆಂಡಿನ ಬೀಚಿ ಹೆಡ್ ಬಳಿ ಒಡೆಯಿತು. ವಿಗ್ರಹ ಉಳಿಯಿತು, ಈಗ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂನಲ್ಲಿದೆ. ಅದು ಡಿಮೀಟರ್ ಅಲ್ಲ, ಗುಡಿಯ ಒಳದ್ವಾರದಲ್ಲಿ ಕಂಬಗಳಾಗಿ ನಿಂತಿದ್ದ ಇಬ್ಬರು ಶಿಲಾಸುಂದರಿಯರಲ್ಲಿ ಒಬ್ಬಳು ಎಂದು ವಿದ್ವಾಂಸರು ಆಮೇಲೆ ಗುರುತಿಸಿದರು. ಜೊತೆಯವಳು ಎಲೆಫ್ಸಿನಾದ ಮ್ಯೂಸಿಯಂನಲ್ಲಿ ಒಂಟಿಯಾಗಿದ್ದಾಳೆ. ಅಪ್ಪಣೆ ಕೊಟ್ಟವರೂ ಪಡೆದವರೂ ಇದ್ದರು. ದೀಪ ಹಚ್ಚುತ್ತಿದ್ದವರನ್ನು ಯಾರೂ ಕೇಳಲಿಲ್ಲ.

ಮುಂದಿನದೂ ಹೆಚ್ಚುಕಡಿಮೆ ಹೀಗೆಯೇ. 1882ರಲ್ಲಿ ಉತ್ಖನನ ಶುರುವಾದಾಗ ಗುಡಿಯ ಮೇಲೆಯೇ ಹಳ್ಳಿ ಇತ್ತು. ಮನೆಗಳನ್ನು ಕೊಂಡು ಕೆಡವಿ ನೆಲ ಅಗೆದರು. ಅದೇ ಹೊತ್ತಿಗೆ ರೈಲು ಬಂತು, ದಂಡೆಯಲ್ಲಿ ಸಾಬೂನು ಕಾರ್ಖಾನೆ ಎದ್ದಿತ್ತು, 1902ರಲ್ಲಿ ಸಿಮೆಂಟ್ ಕಾರ್ಖಾನೆ ಬಂತು. ಸುಣ್ಣಕಲ್ಲಿಗಾಗಿ ಗುಡ್ಡದ ಪಶ್ಚಿಮದ ಭಾಗ ಕರಗಿತು, ಅದರ ಮೇಲಿದ್ದ ಮಧ್ಯಯುಗದ ಗೋಪುರವೂ ಹೋಯಿತು. 1922ರ ನಂತರ ಏಷ್ಯಾ ಮೈನರ್‌ನಿಂದ, ಅಂದರೆ ಈಗಿನ ಟರ್ಕಿಯಿಂದ, ಎಲ್ಲವನ್ನೂ ಕಳೆದುಕೊಂಡು ಬಂದ ನಿರಾಶ್ರಿತರಿಗೆ ಈ ಚಿಮಣಿಗಳೇ ಅನ್ನ ಕೊಟ್ಟವು. ಆಮೇಲೆ ಉಕ್ಕು, ಹಡಗುಕಟ್ಟೆ, ತೈಲ. ಹೊಗೆಯನ್ನು ಬಯ್ಯುವವರು ಈ ಅನ್ನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

1975ರಿಂದ ಈಸ್ಕಿಲಿಯಾ ಉತ್ಸವ ನಡೆಯುತ್ತಿದೆ. ಹಳೆಯ ಸಾಬೂನು ಕಾರ್ಖಾನೆಯ ಅಂಗಳವೇ ಈಗ ರಂಗಮಂದಿರ. ಅವಶೇಷವನ್ನೂ ಕಾರ್ಖಾನೆಯನ್ನೂ ಒಂದೇ ಊರಿನ ಆಸ್ತಿ ಎಂದು ಕಂಡವರ ಕೆಲಸವಿದು, ನನಗೆ ಇದೇ ಸರಿಯೆನಿಸುತ್ತದೆ.

ಗುಡಿಯ ಮೇಲ್ಭಾಗದ ದಿಬ್ಬದಲ್ಲಿ ಕನ್ಯೆ ಮೇರಿಯ ಪುಟ್ಟ ಗುಡಿಯೊಂದಿದೆ. ಅಲ್ಲಿ ಅವಳಿಗೆ ಮೆಸೊಸ್ಪೊರಿತಿಸ್ಸಾ ಎಂಬ ಹೆಸರು, ಬಿತ್ತನೆಯ ನಡುವಿನ ತಾಯಿ ಎಂದರ್ಥ. ಪ್ರತಿ ನವೆಂಬರ್‌ನಲ್ಲಿ, ಅವಳ ಹಬ್ಬದ ಮುನ್ನಾದಿನ, ಹೆಂಗಸರು ಗೋಧಿಯನ್ನೂ ಕಾಳುಗಳನ್ನೂ ಗುಗ್ಗರಿಯಂತೆ ಬೇಯಿಸಿ, ದಾಳಿಂಬೆ ಬೆರೆಸಿ ಹೊತ್ತು ತರುತ್ತಾರೆ. ಪಾದ್ರಿ ಆಶೀರ್ವದಿಸಿದ ಮೇಲೆ, ಡಿಮೀಟರಳ ಮಂಟಪದ ಮುರಿದ ಕಂಬಗಳ ಮೇಲುಗಡೆ ನಿಂತು, ಬಂದವರಿಗೆಲ್ಲ ಬೊಗಸೆ ಬೊಗಸೆ ಹಂಚುತ್ತಾರೆ.